ಮಂಚದ ಎತ್ತರ

ಜತ್ತಪ್ಪನ ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟಿ ಹೊರಗೆ ಬಂದ ಡಾಕ್ಟರ್ ಕೇಶವಪ್ರಸಾದರು ಅಂಗಳದ ಮೂಲೆಯಲ್ಲಿ ಕೈ ತೊಳೆದುಕೊಳ್ಳುತ್ತಾ ದನಿ ತಗ್ಗಿಸಿದರು.

"ಮದ್ದಿನಿಂದ ಆಗುವುದು ಇಷ್ಟೇ, ವಾರಿಜಾಕ್ಷಿ. ಇನ್ನು ಇವರು ಮಲಗುವ ಜಾಗ ಬದಲಾಗಬೇಕು. ಹೀಗೇ ಚಾಪೆಯ ಮೇಲೆ ಇಟ್ಟರೆ ಹುಣ್ಣು ಎಲುಬಿಗೆ ಇಳಿಯುತ್ತದೆ."

ವಾರಿಜಾಕ್ಷಿ ಚೆಂಬಿನಿಂದ ಅವರ ಕೈಗೆ ನೀರು ಹೊಯ್ಯುತ್ತಿದ್ದಳು. "ಹತ್ತಿ ಹಾಸಿಗೆ ಮಾಡಿಸ್ತೇನೆ ಡಾಕ್ಟ್ರೇ" ಎಂದಳು.

"ಹತ್ತಿ ಸ್ವಲ್ಪ ದಿನಕ್ಕೆ ಗಂಟು ಕಟ್ಟಿ ಕಲ್ಲಾಗುತ್ತದೆ. ಈಗ ರಬ್ಬರಿನ ಹಾಸಿಗೆ ಅಂತ ಬರುತ್ತದೆ. ಬಂಟ್ವಾಳದಲ್ಲಿ ಕೇಳಿ ನೋಡಿ. ಆದರೆ ಕೊಟ್ಟದ್ದನ್ನು ಹೊತ್ತುಕೊಂಡು ಬರಬೇಡಿ. ತೀರಾ ಮೆತ್ತಗಾದರೆ ಮನುಷ್ಯ ಅದರೊಳಗೆ ಹೂತುಹೋಗುತ್ತಾನೆ, ನೀವೊಬ್ಬರೇ ಮಗ್ಗುಲು ತಿರುಗಿಸಲಿಕ್ಕೆ ಆಗುವುದಿಲ್ಲ. ಗಟ್ಟಿಯಾದರೆ ಈ ನೆಲ ಏನು ತಪ್ಪು ಮಾಡಿತ್ತು?"

ರಬ್ಬರ್ ಎಂದರೆ ವಾರಿಜಾಕ್ಷಿಗೆ ಹೊಸದಲ್ಲ. ಕಕ್ಕಿಂಜೆಯ ಗುಡ್ಡದಲ್ಲಿ ಕೇರಳದ ಕಡೆಯಿಂದ ಬಂದವರು ಹಾಕಿದ್ದ ತೋಟ ಆ ವರ್ಷವಷ್ಟೇ ಹಾಲಿಗೆ ಬಂದಿತ್ತು. ಗಂಡ ಜತ್ತಪ್ಪ ಎದ್ದೇಳದಂತಾದ ಮೇಲೆ ಅವಳು ಅಲ್ಲಿ ಕೆಲಸಕ್ಕೆ ಸೇರಿದ್ದಳು. ಬೆಳಕು ಹರಿಯುವ ಮೊದಲೇ ಮರದ ತೊಗಟೆಯನ್ನು ಓರೆಯಾಗಿ ಕೆತ್ತುವುದು, ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ಇಳಿದ ಹಾಲನ್ನು ಬಾಲ್ದಿಗೆ ಸುರಿದು ತರುವುದು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿದ್ದನ್ನು ಯಂತ್ರಕ್ಕೆ ಕೊಟ್ಟು ಹಾಳೆ ತೆಗೆಯುವುದು. ಆ ಹಾಳೆಗಳಿಂದ ಲಾರಿಯ ಟಯರು ಮಾಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅದೇ ಹಾಲಿನಿಂದ ಮನುಷ್ಯರು ಮಲಗುವ ಹಾಸಿಗೆಯೂ ಆಗುತ್ತದೆ ಎನ್ನುವುದನ್ನು ಯಾರೂ ಹೇಳಿರಲಿಲ್ಲ.

ಜತ್ತಪ್ಪ ಚಾರ್ಮಾಡಿ ಘಾಟಿಯ ಮರದ ಲಾರಿಗಳಿಗೆ ದಿಮ್ಮಿ ಏರಿಸುವ ಕೆಲಸದವನಾಗಿದ್ದ. ದಿಮ್ಮಿ ಏರುವಾಗ ಎಲ್ಲರೂ ಒಟ್ಟಿಗೆ ನೂಕಬೇಕಲ್ಲ, ಅದಕ್ಕೆ ದನಿ ಕೊಡುವವನು ಅವನೇ. ಅವನು ಕೂಗಿದರೆ ಹೊಳೆಯ ಆಚೆ ಬಟ್ಟೆ ಒಗೆಯುವ ಹೆಂಗಸರು ತಲೆ ಎತ್ತುತ್ತಿದ್ದರು. ಅರವತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ಒಂದು ದಿನ ಸರಪಳಿ ಕಡಿದು, ಏರಿಸಿದ್ದ ದಿಮ್ಮಿ ಹಿಂದಕ್ಕೆ ಉರುಳಿತು. ಉಳಿದವರು ಹಾರಿ ತಪ್ಪಿಸಿಕೊಂಡರು. ಜತ್ತಪ್ಪನಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಎಚ್ಚರ ಬಂದಾಗ ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ಕಾಲುಗಳು ಇದ್ದವು, ಅವನ ಪಾಲಿಗೆ ಇರಲಿಲ್ಲ. ಬೆನ್ನುಮೂಳೆಯ ಒಳಗಿನ ನರ ತುಂಡಾಗಿದೆ, ಅದು ಕೂಡುವಂಥದ್ದಲ್ಲ ಎಂದು ಹೇಳಿ ಮನೆಗೆ ಕಳಿಸಿದರು.

ಅಂದಿನಿಂದ ಇಬ್ಬರೂ ಒಳಕೋಣೆಯ ನೆಲದ ಮೇಲೆ ಅಕ್ಕಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ತೋಟದಿಂದ ಬಂದು, ಅವನನ್ನು ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿದ ಮೇಲೆ ಅವಳು ಸ್ವಲ್ಪ ಹೊತ್ತು ಅಡ್ಡಾಗುತ್ತಿದ್ದಳು. ಆಗ ಅವನು ಮುಖ ಈಚೆ ತಿರುಗಿಸಿ ಮಾತು ಶುರುಮಾಡುತ್ತಿದ್ದ. ತೋಟದಲ್ಲಿ ಯಾರು ಏನು ಹೇಳಿದರು, ಘಾಟಿಯಲ್ಲಿ ಎಷ್ಟು ಲಾರಿ ಇಳಿಯಿತು, ಇವತ್ತು ಅವಳ ಕಣ್ಣು ಯಾಕೆ ಕೆಂಪಾಗಿದೆ, ಎಲ್ಲವೂ ಅವನಿಗೆ ಬೇಕು.

ಮರದ ಸಾಹುಕಾರರು ಕೊಟ್ಟ ಪರಿಹಾರದಲ್ಲಿ ಆಸ್ಪತ್ರೆಗೆ ಹೋಗಿ ಉಳಿದದ್ದು ಒಂದಿಷ್ಟಿತ್ತು. ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, ಗಂಡನನ್ನು ನೋಡಿಕೊಳ್ಳಲು ನೆರೆಮನೆಯ ಸೇಸಮ್ಮನಿಗೆ ಹೇಳಿ, ವಾರಿಜಾಕ್ಷಿ ಬಂಟ್ವಾಳದ ಬಸ್ಸು ಹತ್ತಿದಳು.

ಬಂಟ್ವಾಳ ಪೇಟೆಯಲ್ಲಿ ಹಾಸಿಗೆಯ ಅಂಗಡಿ ಎಂದು ಕೇಳಿದರೆ ಎಲ್ಲರೂ ಅಬ್ದುಲ್ ರವೂಫರ ಅಂಗಡಿಯನ್ನೇ ತೋರಿಸುತ್ತಿದ್ದರು. ಮುಂದೆ ಬೂರುಗದ ಹತ್ತಿಯ ಗೋಣಿಗಳು, ಒಳಗೆ ತೊಲೆಗೆ ಕಟ್ಟಿದ ಬಣ್ಣಬಣ್ಣದ ಪಟ್ಟೆ ಬಟ್ಟೆ. ಅವರು ಕನ್ನಡಕ ಹಣೆಗೇರಿಸಿ ಅವಳು ಹೇಳಿದ್ದನ್ನು ಕೊನೆಯವರೆಗೆ ಕೇಳಿದರು.

"ರಬ್ಬರಿನದ್ದು ಉಂಟು. ಮಂಗಳೂರಿನಿಂದ ತರಿಸುವುದು. ಇಲ್ಲಿ ತೆಗೆದುಕೊಳ್ಳುವವರು ಕಾರಿನ ಸೀಟಿಗೆ, ಬಸ್ಸಿನ ಸೀಟಿಗೆ ತೆಗೆದುಕೊಳ್ಳುತ್ತಾರೆ. ಮಲಗಲಿಕ್ಕೆ ಕೇಳಿದವರು ನೀವೇ ಮೊದಲು, ತಂಗಿ."

ಅವರು ಒಳಗಿನಿಂದ ಮೂರು ಬಗೆಯ ರಬ್ಬರಿನ ಹಲಗೆಗಳನ್ನು ತಂದು ನೆಲದ ಮೇಲೆ ಹಾಸಿದರು. ಹಾಲಿನ ಕೆನೆಯ ಬಣ್ಣ, ಮೈಯೆಲ್ಲ ಸಣ್ಣ ಸಣ್ಣ ತೂತು. ಹತ್ತಿರ ಬಂದಾಗ ತೋಟದಲ್ಲಿ ಹಾಳೆ ಒಣಗಿಸುವ ಹೊಗೆಮನೆಯ ವಾಸನೆಯೇ ಸ್ವಲ್ಪ ತೆಳುವಾಗಿ ಮೂಗಿಗೆ ಬಡಿಯಿತು. ಒಂದು ಬಸ್ಸಿನ ಸೀಟಿನದ್ದು, ಅಂಗೈ ಊರಿದರೂ ಬಗ್ಗುವುದಿಲ್ಲ. ಇನ್ನೊಂದು ನಡುವಿನದ್ದು. ಮೂರನೆಯದು ತೆಳ್ಳಗಿತ್ತು, ಮುಟ್ಟಿದರೆ ಹುದುಗಿದ ಹಿಟ್ಟಿನ ಹಾಗೆ ಬೆರಳು ಒಳಗೆ ಹೋಯಿತು.

ವಾರಿಜಾಕ್ಷಿ ಮೆತ್ತಗಿನದ್ದರ ಮೇಲೆಯೇ ಕೈ ಇಟ್ಟುಕೊಂಡು ಕೂತಳು. "ಇದನ್ನೇ ಮೂರು ಕೊಡಿ ಸಾಯ್ಬ್ರೇ."

"ಕೊಡುವುದಕ್ಕೇನು, ಕೊಡ್ತೇನೆ. ನಿಮ್ಮವರ ಎಲುಬು ಯಾವ ಕಡೆ ನೆಲಕ್ಕೆ ತಾಗುವುದು?"

"ಸೊಂಟದ ಹಿಂದೆ. ಹಿಮ್ಮಡಿ. ಮಗ್ಗುಲಾದರೆ ತೊಡೆಯ ಮೂಳೆ."

"ಹಾಗಾದರೆ ಅಲ್ಲಿ ಭಾರ ಜಾಸ್ತಿ. ಮೂರೂ ಮೆತ್ತಗಿನದ್ದಾದರೆ ಸೊಂಟ ಇಳಿದು ಅಡಿಯ ಮರಕ್ಕೇ ತಾಗ್ತದೆ." ಅವರು ಗಟ್ಟಿಯದನ್ನು ಕೆಳಗಿಟ್ಟು, ಅದರ ಮೇಲೆ ನಡುವಿನದ್ದು, ಎಲ್ಲಕ್ಕಿಂತ ಮೇಲೆ ಮೆತ್ತಗಿನದ್ದನ್ನು ಇಟ್ಟರು. "ಈಗ ಒತ್ತಿ ನೋಡಿ. ಕೈಯಲ್ಲಿ ಗೊತ್ತಾಗುವುದಿಲ್ಲ, ಮಲಗಿಯೇ ನೋಡಬೇಕು."

ಪೇಟೆಯ ನಡುವಿನ ಅಂಗಡಿಯಲ್ಲಿ ಮಲಗುವುದೆಂದರೆ! ಅವಳು ಸೆರಗು ಹೊದ್ದು ಹಿಂದೆ ಸರಿದಳು. ರವೂಫರಿಗೂ ತಾನು ಹೇಳಿದ್ದು ಏನೆಂದು ಆಮೇಲೆ ಹೊಳೆದಿರಬೇಕು. ಹಿಂದಿನ ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕರೆದರು. ಬೀಫಾತಿಮಾ ಬಂದು ಸಂಗತಿ ತಿಳಿದುಕೊಂಡು, ಗಂಡನಿಂದಲೇ ಮೂರೂ ಪದರಗಳನ್ನು ಅಂಗಡಿಯ ಹಿಂದಿನ ತಮ್ಮ ಮನೆಯ ಒಳಗೆ ಹಾಕಿಸಿ ಬಾಗಿಲು ಮುಂದಕ್ಕೆ ಮಾಡಿದಳು.

"ಇನ್ನು ಮಲಗು. ಇಲ್ಲಿ ನಾನು ಬಿಟ್ಟರೆ ಯಾರೂ ಇಲ್ಲ."

ವಾರಿಜಾಕ್ಷಿ ಅಂಜುತ್ತಾ ಅಂಗಾತ ಮಲಗಿದಳು. ಬೆನ್ನಿಗೆ ಏನೋ ಕೆಳಗಿನಿಂದ ಕೈ ಕೊಟ್ಟ ಹಾಗಾಯಿತು. ಹೆಗಲು, ಸೊಂಟ, ಹಿಮ್ಮಡಿ, ಯಾವುದೂ ಪ್ರತ್ಯೇಕವಾಗಿ ನೋಯಲಿಲ್ಲ. ಎಷ್ಟೋ ಕಾಲದಿಂದ ಬಿಗಿಹಿಡಿದಿದ್ದ ಮೈ ಸಡಿಲವಾಯಿತು. ಮೈಯ ಜೊತೆಗೆ ಉಳಿದದ್ದೂ ಸಡಿಲಾಗಿ, ಅವಳು ಆ ಗುರುತಿಲ್ಲದವರ ಮನೆಯಲ್ಲಿ ಮಾಡಿನ ಹಂಚು ನೋಡುತ್ತಾ ಅಳತೊಡಗಿದಳು. ಬೀಫಾತಿಮಾ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ, "ಮಗ್ಗುಲಾಗಿ ನೋಡು" ಎಂದಳು. "ನಿನ್ನ ಗಂಡನನ್ನು ನೀನು ಹೇಗೆ ತಿರುಗಿಸುವುದು? ಹಾಗೆ ನಿನ್ನನ್ನು ನಾನು ತಿರುಗಿಸ್ತೇನೆ." ತಿರುಗಿಸಿ ನೋಡಿದಳು. ಸುಲಭವಾಗಿ ತಿರುಗಿತು. "ಆಗಬಹುದು. ಎಣ್ಣೆ ತಾಗಿಸಬೇಡ. ಮೈಗೆ ಎಣ್ಣೆ ಹಚ್ಚಿದರೆ ಒರೆಸಿ, ಮೇಲೆ ಮೇಣದ ಬಟ್ಟೆ ಹಾಕು. ಬಿಸಿಲಿಗೂ ಇಡಬಾರದಂತೆ, ಪುಡಿಪುಡಿಯಾಗ್ತದೆ. ನೆರಳಲ್ಲಿ ಗಾಳಿಗೆ ಇಡಬೇಕು."

ಹೊರಗೆ ಬಂದಾಗ ರವೂಫರು ಇನ್ನೊಂದು ಮಾತು ಹೇಳಿದರು. "ಇದನ್ನು ಹಗ್ಗದ ಮಂಚಕ್ಕೆ ಹಾಕಬೇಡಿ, ತೊಟ್ಟಿಲಿನ ಹಾಗೆ ಜೋತು ಬೀಳ್ತದೆ. ಇಡೀ ಹಲಗೆ ಹೊಡೆದ ಮಂಚವೂ ಬೇಡ. ನಮ್ಮ ಮಳೆಗಾಲದಲ್ಲಿ ಅಡಿ ಬೆವರಿ ಬೂಸ್ಟು ಹಿಡೀತದೆ. ಪಟ್ಟಿ ಪಟ್ಟಿಯಾಗಿ ಹೊಡೆಸಿ, ನಡುವೆ ಎರಡು ಬೆರಳಿನಷ್ಟು ಸಂದು ಬಿಡಿಸಿ. ಕೆಳಗೆ ಗಾಳಿ ಆಡಬೇಕು."

ಮಂಚಕ್ಕೆ ಅವಳು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ. ಅವಳ ಅಣ್ಣ ರುಕ್ಮಯ್ಯ ಮೂಡಬಿದ್ರೆಯ ಒಂದು ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಮನೆ ಹತ್ತಿರದ ಪುತ್ತಿಗೆಯಲ್ಲಿ. ಬಿಡುವಿನಲ್ಲಿ ಮಂಚ, ಬೆಂಚು ಮಾಡುತ್ತಿದ್ದ. ತಂಗಿ ಹೇಳಿಕಳಿಸಿದ್ದಕ್ಕೆ ಮುಂದಿನ ವಾರವೇ ಅಳತೆ ತೆಗೆಯಲು ಕಕ್ಕಿಂಜೆಗೆ ಬಂದ. ಜತ್ತಪ್ಪನ ಉದ್ದ, ಅಗಲ ಅಳೆದ ಮೇಲೆ ತಂಗಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆಲದಿಂದ ಅವಳ ಸೊಂಟದವರೆಗೂ ಅಳತೆ ಹಿಡಿದ.

"ನನ್ನದ್ಯಾಕೆ ಅಣ್ಣ?"

"ನೀನು ಬಗ್ಗಿ ಬಗ್ಗಿ ನಡು ಮುರಿದುಕೊಂಡದ್ದು ನನಗೆ ಕಾಣುವುದಿಲ್ವಾ? ನೀನು ನಿಂತಲ್ಲಿಂದಲೇ ಭಾವನನ್ನು ಒರೆಸಬೇಕು, ತಿರುಗಿಸಬೇಕು. ಅಷ್ಟು ಎತ್ತರ ಮಾಡ್ತೇನೆ."

ಅದು ನಿಜವಾಗಿತ್ತು. ಕೆಲವು ದಿನ ಬೆಳಿಗ್ಗೆ ಅವಳಿಗೆ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಚಾಪೆಯ ಮೇಲಿನಿಂದ ಜತ್ತಪ್ಪನೂ, "ಹೌದು ಭಾವ, ಅವಳಿಗೆ ಅನುಕೂಲ ಆಗುವ ಹಾಗೆ ಮಾಡಿ" ಎಂದ.

ಮಂಚ ಬಸ್ಸಿನ ಮೇಲೆ ಬಂತು. ಹಾಸಿಗೆಯನ್ನು ಬಂಟ್ವಾಳದಿಂದ ಸುರುಳಿ ಕಟ್ಟಿ ತಂದರು. ರುಕ್ಮಯ್ಯನೇ ನಿಂತು ಹೆಬ್ಬಲಸಿನ ಪಟ್ಟಿಗಳನ್ನು ಕೂರಿಸಿದ. ಅದರ ಮೇಲೆ ಮೂರು ಪದರ ಇಟ್ಟು, ಪಟ್ಟೆ ಬಟ್ಟೆಯ ಗವಸು ಹಾಕಿ, ನಾಲ್ಕು ಜನ ಸೇರಿ ಜತ್ತಪ್ಪನನ್ನು ಎತ್ತಿ ಮಲಗಿಸಿದರು. ಊರಿನವರು ಬಂದು ಒತ್ತಿ ಒತ್ತಿ ನೋಡಿದರು. ಸೇಸಮ್ಮ ಮೂಗಿನ ಮೇಲೆ ಬೆರಳಿಟ್ಟು, "ಧರ್ಮಸ್ಥಳದ ದೊಡ್ಡ ವಸತಿಯಲ್ಲಿಯೂ ಇಂಥದ್ದು ಇರ್ಲಿಕ್ಕಿಲ್ಲ" ಎಂದಳು. ಜತ್ತಪ್ಪ ನಕ್ಕ.

ಹಾಸಿಗೆ ತನ್ನ ಕೆಲಸ ಮಾಡಿತು. ದೀಪಾವಳಿಯ ಹೊತ್ತಿಗೆ ಹುಣ್ಣಿನ ಅಂಚು ಒಣಗಿ ಹೊಸ ಚರ್ಮ ಕಾಣಿಸಿಕೊಂಡಿತು. ವಾಸನೆ ಹೋಯಿತು. ವಾರಿಜಾಕ್ಷಿಯ ನಡು ನೆಟ್ಟಗಾಯಿತು. ಡಾಕ್ಟರು ಬಂದವರು ಹಾಸಿಗೆಯನ್ನೂ ಮಂಚವನ್ನೂ ಸುತ್ತ ನೋಡಿ, "ಇಷ್ಟು ಸರಿಯಾಗಿ ಯಾರೂ ಮಾಡುವುದಿಲ್ಲ" ಎಂದರು.

ಆದರೆ ಜತ್ತಪ್ಪನ ಮಾತು ಕಡಿಮೆಯಾಯಿತು. ಮೊದಲಿಗೆ ಅವಳಿಗೆ ಅದು ಗಮನಕ್ಕೆ ಬರಲಿಲ್ಲ. ಕೆಲಸ ಮುಗಿಸಿ ಕೆಳಗೆ ಚಾಪೆಯಲ್ಲಿ ಅಡ್ಡಾಗಿ ತೋಟದ ಸುದ್ದಿ ಹೇಳಿದರೆ ಮೇಲಿನಿಂದ "ಹ್ಞೂಂ" ಎಂದು ಬರುತ್ತಿತ್ತು. ಆಮೇಲಾಮೇಲೆ ಅದೂ ಬರಲಿಲ್ಲ. ಇಷ್ಟೆಲ್ಲ ಮಾಡಿದರೂ ಈ ಮನುಷ್ಯನಿಗೆ ಒಂದು ಸಂತೋಷವಿಲ್ಲ ಎಂದು ಅವಳಿಗೆ ಒಳಗೊಳಗೇ ಸಿಟ್ಟು ಬಂದಿತ್ತು. ಒಂದು ಮಧ್ಯಾಹ್ನ ತಡೆಯಲಾಗದೆ ಎದ್ದು ನಿಂತಳು.

"ನಾನು ಮಾತಾಡಿದ್ದು ಕೇಳುವುದಿಲ್ವಾ ನಿಮಗೆ?"

"ಕೇಳ್ತದೆ."

"ಮತ್ತೆ? ಬೇನೆ ಉಂಟಾ?"

"ಇಲ್ಲ. ಹಾಸಿಗೆ ಲಾಯ್ಕುಂಟು." ಅವನು ಮಾಡಿನ ಕಡೆ ನೋಡಿದ. "ನೀನು ಕೆಳಗೆ ಮಲಗಿದ ಮೇಲೆ ನನಗೆ ಕಾಣುವುದು ಆ ತೊಲೆ ಮತ್ತು ಗೋಡೆ ಮಾತ್ರ, ವಾರಿಜ. ನಿನ್ನ ಸ್ವರ ಬಾವಿಯ ಅಡಿಯಿಂದ ಬಂದ ಹಾಗೆ ಬರ್ತದೆ. ಮೊದಲು ನೆಲದಲ್ಲಿದ್ದಾಗ ತಲೆ ತಿರುಗಿಸಿದರೆ ನಿನ್ನ ಮುಖ ಇತ್ತು. ಹುಣ್ಣು ಇತ್ತು, ಆದರೂ ಮುಖ ಇತ್ತು. ಈಗ ನೀನು ಬರುವುದು ಒರೆಸಲಿಕ್ಕೆ, ಗಂಜಿ ಕೊಡಲಿಕ್ಕೆ. ಆಸ್ಪತ್ರೆಯ ನರ್ಸಮ್ಮ ಬಂದ ಹಾಗೆ ನಿಂತುಕೊಂಡೇ ಬಂದು, ನಿಂತುಕೊಂಡೇ ಹೋಗ್ತಿ."

ಮಂಚದ ಅಂಚಿನಲ್ಲಿ ಅವನ ಜೊತೆ ಮಲಗೋಣವೆಂದರೆ ಅದರಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಅವನ ಕಾಲಿಗೆ ಅವಳ ಮೈ ಒತ್ತಿದರೆ ಅವನಿಗೆ ತಿಳಿಯುವುದೂ ಇಲ್ಲ, ಅಲ್ಲೇ ಹೊಸ ಹುಣ್ಣು ಏಳುತ್ತದೆ.

"ಎತ್ತರ ಕಡಿಮೆ ಮಾಡಿದರೆ ನನ್ನ ಬೆನ್ನು..." ಎಂದು ಅವಳು ಅರ್ಧಕ್ಕೇ ನಿಲ್ಲಿಸಿದಳು.

"ಗೊತ್ತುಂಟು. ಅದಕ್ಕೇ ನಾನು ಹೇಳಿರಲಿಲ್ಲ. ನೀನು ಕೇಳಿದೆ, ನಾನು ಹೇಳಿದೆ. ಬಿಡು ಅದನ್ನು."

ಮತ್ತೆ ಅವನು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳು ಜಗಳವಾಡಿ ಹಗುರಾಗುತ್ತಿದ್ದಳೋ ಏನೋ. ತೋಟದಲ್ಲಿ ತೊಗಟೆ ಕೆತ್ತುವಾಗ, ಗೆರಟೆ ಕಟ್ಟುವಾಗ ಅವಳಿಗೆ ತೊಲೆ ನೋಡುತ್ತಾ ಬಿದ್ದುಕೊಂಡಿರುವ ಗಂಡನ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಹೀಗೇ ಚಳಿಗಾಲ ಕಳೆಯಿತು. ಮಾಘದ ಕೊನೆಗೆ ಅವಳು ಒಂದು ದಿನ ರಜೆ ಮಾಡಿ, ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ವೇಣೂರಿನ ದಾರಿಯಾಗಿ ಪುತ್ತಿಗೆಗೆ ಹೋದಳು.

"ಮಂಚದ ಕಾಲು ಕತ್ತರಿಸಿ ಕೊಡಬೇಕು ಅಣ್ಣ."

ರುಕ್ಮಯ್ಯನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಕಾರಣ ಬಿಡಿಸಿ ಹೇಳಿದಾಗ ಕೆಂಡವಾದ. "ನಿನಗೆ ಮಂಡೆ ಸರಿ ಉಂಟಾ ಮಾರಾಯ್ತಿ? ಎಂಥ ಮರ ಹಾಕಿ ಮಾಡಿದ್ದು ಅದು! ಭಾವನಿಗೆ ಮುಖ ನೋಡಬೇಕಂತೆ! ನಾಳೆ ನೀನೂ ಬಿದ್ದುಕೊಂಡರೆ ಇಬ್ಬರಿಗೂ ಗಂಜಿ ಕೊಡುವವರು ಯಾರು?"

"ಅವರಿಗೆ ಬೇರೆ ಏನುಂಟು ಅಣ್ಣ? ನಡೆಯಲಿಕ್ಕಿಲ್ಲ, ಅಂಗಳ ಇಲ್ಲ, ಲಾರಿ ಇಲ್ಲ. ಒಂದು ಕೇಳಿದರು. ಅದೂ ನಾನು ಕೇಳಿದ್ದಕ್ಕೆ ಹೇಳಿದ್ದು."

"ಮಳೆಗಾಲದಲ್ಲಿ ನಿಮ್ಮ ಆ ಮಣ್ಣಿನ ನೆಲ ತೇವ ಕಾರ್ತದೆ. ಗಾಳಿ ಆಡಬೇಕು ಅಂತ ಹೇಳಿದ್ದು ನೀನೇ."

"ಮಳೆಗಾಲ ಬಂದಾಗ ಕಾಲಿನ ಅಡಿಗೆ ಇಟ್ಟಿಗೆ ಕೊಡುವ."

ಅವನು ಬೀಡಿ ಹಚ್ಚಿ ಅಂಗಳಕ್ಕೆ ಹೋದ. ತಿರುಗಿ ಬಂದಾಗ ಕೈಯಲ್ಲಿ ಗರಗಸದ ಚೀಲವಿತ್ತು. ತಂಗಿಯ ಜೊತೆ ಕಕ್ಕಿಂಜೆಯ ಬಸ್ಸು ಹತ್ತಿದ.

ಜತ್ತಪ್ಪನನ್ನು ಹಾಸಿಗೆ ಸಮೇತ ಕೆಳಗಿಳಿಸಿ, ಮಂಚವನ್ನು ಮಗುಚಿ ಹಾಕಿ, ರುಕ್ಮಯ್ಯ ಒಂದೊಂದೇ ಕಾಲನ್ನು ಕೊಯ್ದ. ಗೇಣಿನಷ್ಟು ಬುಡ ಉಳಿಯಿತು. ಜತ್ತಪ್ಪ ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದ.

"ಭಾವ, ಕಾಲಿಲ್ಲದವನಿಗೆ ಕಾಲಿಲ್ಲದ ಮಂಚ. ಜೋಡಿ ಸರಿಯಾಯ್ತು" ಎಂದ.

ರುಕ್ಮಯ್ಯ ಕೊಯ್ಯುವುದನ್ನು ನಿಲ್ಲಿಸಿ ಬೇರೆ ಕಡೆ ನೋಡಿದ. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ಮೂವರೂ ನಕ್ಕರು. ಆ ಮನೆಯಲ್ಲಿ ಬಹಳ ದಿನದ ಮೇಲೆ ಕೇಳಿದ ನಗು ಅದು. ನೆರೆಮನೆಯಿಂದ ಸೇಸಮ್ಮ ಏನಾಯಿತೆಂದು ನೋಡಲು ಬಂದಳು.

ಆಮೇಲಿನ ತಿಂಗಳುಗಳು ಚೆನ್ನಾಗಿದ್ದವು. ವಾರಿಜಾಕ್ಷಿ ತನ್ನ ಚಾಪೆಯ ಕೆಳಗೆ ಒಣಹುಲ್ಲು, ಹಳೆಯ ಕಂಬಳಿ ಹಾಕಿ ಅದನ್ನೂ ಒಂದಿಷ್ಟು ಎತ್ತರ ಮಾಡಿಕೊಂಡಳು. ಇಬ್ಬರ ಮುಖವೂ ಒಂದು ಮಟ್ಟಕ್ಕೆ ಬಂತು. ಜತ್ತಪ್ಪನಿಗೆ ಮಾತು ಮರಳಿತು. ಅವಳ ಹಣೆಗೆ ರಬ್ಬರ್ ಹಾಲು ಸಿಡಿದು ಒಣಗಿದ್ದರೆ ಕೈ ಚಾಚಿ ಉಗುರಿನಿಂದ ಅದನ್ನು ಸುಲಿದು ತೆಗೆಯುತ್ತಿದ್ದ. ಒಮ್ಮೆ ಆ ಸಣ್ಣ ಸುರುಳಿಯನ್ನು ಬೆರಳ ನಡುವೆ ಎಳೆದು ಬಿಟ್ಟು, "ನೀನು ಹಾಲು ತೆಗೆಯುವುದು, ನಾನು ಅದರ ಮೇಲೆ ಮಲಗುವುದು. ಒಳ್ಳೆ ಸಂಸಾರ ನಮ್ಮದು" ಎಂದ. ಅವಳ ಬೆನ್ನು ಮತ್ತೆ ನೋಯತೊಡಗಿತ್ತು. ಅವನಿಗೆ ತಿಳಿಯಬಾರದೆಂದು ಹೊರಗೆ ಹೋಗಿ ಕಂಬಕ್ಕೆ ಬೆನ್ನು ಒತ್ತಿ ನಿಲ್ಲುತ್ತಿದ್ದಳು. ಅವನಿಗೆ ತಿಳಿದೇ ಇತ್ತು. ತೊಲೆಗೆ ಒಂದು ಹಗ್ಗ ಕಟ್ಟಿಸಿಕೊಂಡು, ಅವಳು ತಿರುಗಿಸುವಾಗ ತಾನೂ ಅದನ್ನು ಹಿಡಿದು ಮೈಯೆಳೆದು, ಲಾರಿಗೆ ದಿಮ್ಮಿ ಏರಿಸುವಾಗ ಕೂಗುತ್ತಿದ್ದ ಹಾಗೆ ಸಣ್ಣಗೆ ದನಿ ಕೊಡುತ್ತಿದ್ದ.

ಮಳೆ ಆ ವರ್ಷ ಜೋರಾಗಿಯೇ ಹಿಡಿಯಿತು. ತೋಟದಲ್ಲಿ ಹಾಲು ತೆಗೆಯುವುದನ್ನು ನಿಲ್ಲಿಸಿದರು. ಕೂಲಿ ಇಲ್ಲದ ದಿನಗಳು. ಅವಳು ಮನೆಯಲ್ಲೇ ಇದ್ದಳು. ಅವಳು ಇಟ್ಟಿಗೆ ತಂದು ಇಟ್ಟಿದ್ದಳು. "ಮಂಚ ಎತ್ತರಿಸುವ" ಎಂದಾಗ ಜತ್ತಪ್ಪ, "ಇನ್ನು ನಾಲ್ಕು ದಿನ ಹೋಗಲಿ" ಎಂದ. ಅವಳಿಗೂ ಆ ನಾಲ್ಕು ದಿನ ಬೇಕಾಗಿತ್ತು. ಆಮೇಲೆ ಮತ್ತೂ ನಾಲ್ಕು ದಿನ ಹೋಯಿತು.

ಮಳೆ ಬಿಡದ ಆಟಿ ತಿಂಗಳ ಮೊದಲ ವಾರ ಅವನಿಗೆ ಚಳಿ ಜ್ವರ ಬಂತು. ಮೂತ್ರ ಕೆಂಪಾಯಿತು. ಹೊಳೆ ತುಂಬಿ ಬಸ್ಸು ನಿಂತಿದ್ದರಿಂದ ಡಾಕ್ಟರು ಬರುವಾಗ ತಡವಾಯಿತು. ಬಂದವರು ಸೂಜಿ ಚುಚ್ಚಿ, ಅವಳನ್ನು ಹೊರಗೆ ಕರೆದು ತಲೆ ಅಲ್ಲಾಡಿಸಿದರು. ಜತ್ತಪ್ಪನಿಗೆ ಆಗಾಗ ಎಚ್ಚರ ಬರುತ್ತಿತ್ತು. ಬಂದಾಗೆಲ್ಲ ತಲೆ ಈಚೆ ತಿರುಗಿಸಿ ಅವಳು ಇದ್ದಾಳೋ ಎಂದು ನೋಡುತ್ತಿದ್ದ. ಅವಳು ಇದ್ದಳು. ಹಾಗೆ ನೋಡುತ್ತಿರುವಾಗಲೇ ಒಂದು ಬೆಳಿಗ್ಗೆ, ಸೇಸಮ್ಮ ಗಂಜಿ ನೀರು ತರುವಷ್ಟರಲ್ಲಿ, ಅವನ ಉಸಿರು ನಿಂತಿತು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ನೆಂಟರಲ್ಲಿ ಹಿರಿಯರೊಬ್ಬರು, ಸತ್ತವರ ಹಾಸಿಗೆಯನ್ನು ಮನೆಯಲ್ಲಿಡಬಾರದು, ಹೊರಗೆ ಹಾಕು ಎಂದರು. ವಾರಿಜಾಕ್ಷಿ ಒಬ್ಬಳೇ ಒಳಗೆ ಹೋಗಿ ಗವಸು ಬಿಚ್ಚಿದಳು. ಮೇಲಿನ ಮೆತ್ತನೆಯ ಪದರ ಎತ್ತಿ ನೋಡಿದಳು. ಹತ್ತಿಯ ಹಾಸಿಗೆಯಾಗಿದ್ದರೆ ಅವನು ಮಲಗಿದ ತಗ್ಗು ಉಳಿಯುತ್ತಿತ್ತು, ಇದರಲ್ಲಿ ಏನೂ ಇರಲಿಲ್ಲ, ಅಂಗಡಿಯಿಂದ ಬಂದ ದಿನದ ಹಾಗೇ ಸಮತಟ್ಟು. ನಡುವಿನದ್ದೂ ಹಾಗೆಯೇ. ಗಟ್ಟಿಯ ಪದರವನ್ನು ಮಗುಚಿದಾಗ ಅವಳ ಕೈ ನಿಂತಿತು. ಗವಸಿನ ಅಡಿಯ ಬಟ್ಟೆಯ ಮೇಲೆ, ಪಟ್ಟಿಗಳ ನಡುವಿನ ಸಂದಿನ ಗುರುತಿಗೆ ಸರಿಯಾಗಿ, ಸಾಲು ಸಾಲಾಗಿ ಬೂದು ಬಣ್ಣದ ಬೂಸ್ಟು ಹಿಡಿದಿತ್ತು. ಮುಟ್ಟಿದರೆ ತಣ್ಣಗೆ, ತೇವ.

ಅವಳು ಆ ಗವಸನ್ನು ಯಾರಿಗೂ ತೋರಿಸದೆ ಬಾವಿಕಟ್ಟೆಗೆ ಒಯ್ದು ಒಗೆಯತೊಡಗಿದಳು. ರುಕ್ಮಯ್ಯ ಹಿತ್ತಿಲ ಬಾಗಿಲಲ್ಲಿ ಬಂದು ನಿಂತ. ಅವಳ ಕೈಯಲ್ಲಿದ್ದುದನ್ನು ನೋಡಿದ. ಅವನ ಬಾಯಿ ತೆರೆಯಿತು. ಏನೂ ಹೇಳದೆ ಒಳಗೆ ಹೋದ. ಹೇಳಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು.

ಡಾಕ್ಟರು ಆ ದಾರಿಯಲ್ಲಿ ಬಂದಾಗ, ಮಂಚ ತಗ್ಗಿಸಿ ತೇವ ಹಿಡಿದದ್ದರಿಂದಲೇ ಜ್ವರ ಬಂತೇ ಎಂದು ಅವಳು ಕೇಳಿಯೇ ಬಿಟ್ಟಳು. ಅವರು, "ಇಲ್ಲ ವಾರಿಜಾಕ್ಷಿ. ಇದು ಕಿಡ್ನಿಗೆ ಏರಿದ ನಂಜು. ಸೊಂಟ ಸತ್ತವರಿಗೆ ಇದು ಇವತ್ತಲ್ಲ ನಾಳೆ ಬರುವಂಥದ್ದು. ಮಂಚ ಆಕಾಶದಲ್ಲಿದ್ದರೂ ಬರುತ್ತಿತ್ತು" ಎಂದರು. ಅವಳು ತಲೆಯಾಡಿಸಿದಳು. ಅವರು ಹೋದ ಮೇಲೆ, ಸಮಾಧಾನಕ್ಕೆ ಹೇಳಿದ್ದೋ ನಿಜವೋ ಎಂದು ಲೆಕ್ಕ ಹಾಕುತ್ತಾ ಕೂತಳು.

ಮಳೆ ತಗ್ಗಿದ ಮೇಲೆ ಸುದ್ದಿ ತಿಳಿದು ಬೀಫಾತಿಮಾ ಬಂಟ್ವಾಳದಿಂದ ಬಂದಳು. ಹಲಸಿನ ಹಪ್ಪಳದ ಕಟ್ಟು ತಂದಿದ್ದಳು. ಬೂಸ್ಟಿನ ಮಾತು ಕೇಳಿ, "ಆಟಿಯಲ್ಲಿ ನಮ್ಮ ಪೆಟ್ಟಿಗೆಯ ರೇಷ್ಮೆ ಸೀರೆಗೂ ಬರ್ತದೆ ತಂಗಿ" ಎಂದಷ್ಟೇ ಹೇಳಿದಳು. ಹಾಸಿಗೆಯನ್ನು ವಾಪಸು ತೆಗೆದುಕೊಳ್ಳುತ್ತೀರಾ ಎಂದು ವಾರಿಜಾಕ್ಷಿ ಕೇಳಿದಾಗ ಅವಳ ಮುಖವನ್ನೇ ನೋಡಿದಳು. "ಈಗ ಕೊಡಬೇಡ. ಈಗ ಕೊಟ್ಟದ್ದನ್ನು ಮತ್ತೆ ಕೇಳಬೇಕೆನ್ನಿಸ್ತದೆ, ಕೇಳಲಿಕ್ಕಾಗುವುದಿಲ್ಲ. ಒಂದು ವರ್ಷ ಹೋಗಲಿ." ಇಬ್ಬರೂ ಸೇರಿ ಪದರಗಳನ್ನು ಜಗಲಿಯ ನೆರಳಿನಲ್ಲಿ ಗಾಳಿಗೆ ಒರಗಿಸಿಟ್ಟರು.

ತಂಗಿಯನ್ನು ಪುತ್ತಿಗೆಗೆ ಕರೆದುಕೊಂಡು ಹೋಗಲು ರುಕ್ಮಯ್ಯ ಮತ್ತೆ ಬಂದ. ಅವಳು ಬರುವುದಿಲ್ಲವೆಂದಳು, ತೋಟದಲ್ಲಿ ಹಾಲು ತೆಗೆಯುವುದು ಸುರುವಾಗುವುದರಲ್ಲಿತ್ತು. ಅವನು ಒತ್ತಾಯ ಮಾಡಲಿಲ್ಲ. ಅವನನ್ನು ಬಸ್ಸಿಗೆ ಬಿಡಲು ಅವಳು ರಸ್ತೆಯವರೆಗೆ ಬಂದಳು. ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಕೂತರು. ಘಾಟಿಯ ಕಡೆ ಇನ್ನೂ ಮೋಡವಿತ್ತು.

"ನೀನು ಆ ದಿನ ಗವಸು ಒಗೆಯುವುದು ನಾನು ಕಂಡೆ" ಎಂದ ರುಕ್ಮಯ್ಯ. "ಒಂದು ಮಾತು ಬಾಯಿಗೆ ಬಂದಿತ್ತು. ಹೇಳಬಾರದ ಮಾತು. ಅದು ಬಂದದ್ದಕ್ಕೇ ನನಗೆ ಈಗಲೂ ಹೇಸಿಗೆಯಾಗ್ತದೆ."

"ಹೇಳು ಅಣ್ಣ. ನಾನೇ ದಿನಾ ಹೇಳಿಕೊಳ್ತೇನೆ."

"ಹೇಳುವುದಿಲ್ಲ. ನೀನು ಹೇಳಿಕೊಳ್ಳುವುದಾದರೆ ಇದನ್ನೂ ಸೇರಿಸಿ ಹೇಳಿಕೋ: ಗರಗಸ ಹಿಡಿದದ್ದು ನಾನು. ಬೇಡ ಅಂತ ನಾನು ಗಟ್ಟಿ ನಿಂತಿದ್ದರೆ ನಿನ್ನಿಂದ ಆಗುತ್ತಿತ್ತಾ? ಭಾವ ನಗಿಸಿದ, ನಾನೂ ನಕ್ಕೆ, ಕೊಯ್ದೆ. ಪಾಪ ಇದ್ದರೆ ಅರ್ಧ ನನಗೆ ಕೊಡು."

ಒಂದು ಮರದ ಲಾರಿ ಭಾರಕ್ಕೆ ಮುಲುಗುತ್ತಾ ಅವರ ಮುಂದೆಯೇ ಇಳಿದು ಹೋಯಿತು.

"ಬೂಸ್ಟು ಕಂಡ ದಿನ ನನಗೂ ಸಾಯುವಷ್ಟಾಗಿತ್ತು" ಎಂದಳು ವಾರಿಜಾಕ್ಷಿ. "ಆದರೆ ಅಣ್ಣ, ಅವರು ಹೋಗುವಾಗ ನನ್ನನ್ನೇ ನೋಡ್ತಿದ್ದರು. ಮಂಚ ಮೇಲಿದ್ದಿದ್ದರೆ ತೊಲೆ ನೋಡ್ತಾ ಹೋಗ್ತಿದ್ದರು. ಅದನ್ನು ನೆನೆದರೆ, ಇನ್ನೊಮ್ಮೆ ಅವರು ಕೇಳಿದರೂ ನಾನು ನಿನ್ನ ಹತ್ತಿರವೇ ಬರ್ತಿದ್ದೆ ಅಂತ ಕಾಣ್ತದೆ. ಮತ್ತೊಂದು ಗಳಿಗೆಗೆ ಹಾಗೆ ಕಾಣುವುದಿಲ್ಲ."

ರುಕ್ಮಯ್ಯ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ. ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಬಳಿ ಕೂತು, "ಬೆನ್ನಿಗೆ ಎಣ್ಣೆ ಹಚ್ಚಿಕೋ, ಸೇಸಮ್ಮನಿಗೆ ಹೇಳು" ಎಂದ. ಅವಳು ಹ್ಞೂಂ ಎಂದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಎದ್ದು, ಒಂದು ಕೈಯನ್ನು ನಡುವಿಗೆ ಕೊಟ್ಟುಕೊಂಡು, ನಾಳೆ ಕೆತ್ತಬೇಕಾದ ಸಾಲಿನ ಗೆರಟೆಗಳಲ್ಲಿ ನಿಂತ ಮಳೆನೀರು ಚೆಲ್ಲಿ ಕವುಚಿ ಇಡಲು ಗುಡ್ಡದ ದಾರಿ ಹಿಡಿದಳು.